ಸ್ತೋತ್ರ ಹೇಳಲು ಬಾಯಿ ಬರದಾಗ

ಪ್ರಶ್ನೆ: ಕಳೆದ ವರ್ಷ ನನ್ನ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ. ನಾವು ನಡೆಸುತ್ತಿದ್ದ ಸಣ್ಣ ಅಂಗಡಿ ಮುಚ್ಚಿದೆ, ಸಾಲ ಬೆಳೆಯುತ್ತಿದೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ‘ಬಂದದ್ದಕ್ಕೆಲ್ಲ ಸ್ತೋತ್ರ ಹೇಳು, ಗುಣುಗುಟ್ಟಬೇಡ, ಸ್ತೋತ್ರ ಹೇಳಿದರೆ ಬಿಡುಗಡೆ ತಾನಾಗಿ ಬರುತ್ತದೆ’ ಎನ್ನುತ್ತಾರೆ. ಮಾತ್ರೆಗಳನ್ನು ನಿಲ್ಲಿಸಿ ದೇವರನ್ನು ಮಾತ್ರ ನಂಬಿ ಎಂದೂ ಒಬ್ಬರು ಹೇಳಿದರು. ನಾನು ಮೊಣಕಾಲೂರಿದರೆ ಸ್ತೋತ್ರ ಎಂಬ ಮಾತೇ ಹೊರಡುವುದಿಲ್ಲ. ಹೊರಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ಹತ್ತನೆಯ ತರಗತಿಯಲ್ಲಿರುವ ಮಗ ಕುಟುಂಬ ಪ್ರಾರ್ಥನೆಗೆ ಬರುವುದನ್ನೇ ಬಿಟ್ಟಿದ್ದಾನೆ. ಇಂಥ ಹೊತ್ತಿನಲ್ಲಿ ಕೃತಜ್ಞತೆಯಿಂದ, ಭರವಸೆಯಿಂದ ಪ್ರಾರ್ಥಿಸುವುದು ಹೇಗೆ? ನನ್ನಂಥವಳಿಂದ ಅದು ಸಾಧ್ಯವೇ?

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದನ್ನು ಸಾವಧಾನವಾಗಿ ಮಾತಾಡಬಹುದು, ಇದನ್ನು ಆಗದು. ಪಾರ್ಶ್ವವಾಯು ಆದವರಿಗೆ ವೈದ್ಯರು ಬರೆದುಕೊಡುವ ಮಾತ್ರೆಗಳ ದೊಡ್ಡ ಕೆಲಸ ಎರಡನೆಯ ಆಘಾತವನ್ನು ತಡೆಯುವುದು. ವೈದ್ಯರನ್ನು ಕೇಳದೆ ಅವುಗಳಲ್ಲಿ ಒಂದನ್ನೂ ನಿಲ್ಲಿಸಬೇಡಿ. ನಿಮಗೆ ಆ ಸಲಹೆ ಕೊಟ್ಟವರ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೆಶಾಯನ ಗ್ರಂಥದ 38ನೆಯ ಅಧ್ಯಾಯವನ್ನು ಅವರು ಓದಬೇಕಿತ್ತು. ಅರಸ ಹಿಜ್ಕೀಯ ಸಾಯುವ ಸ್ಥಿತಿಯಲ್ಲಿ ಮಲಗಿದ್ದಾನೆ. ಗೋಡೆಯ ಕಡೆಗೆ ಮುಖ ತಿರುಗಿಸಿ ಬಹಳವಾಗಿ ಅತ್ತು ಪ್ರಾರ್ಥಿಸುತ್ತಾನೆ. ದೇವರು ಅವನ ಪ್ರಾರ್ಥನೆಯನ್ನು ಕೇಳಿದ್ದೇನೆ, ಕಣ್ಣೀರನ್ನು ನೋಡಿದ್ದೇನೆ ಎಂದು ಪ್ರವಾದಿ ಯೆಶಾಯನ ಮೂಲಕ ಹೇಳಿಸಿ, 15 ವರ್ಷಗಳ ಆಯುಸ್ಸನ್ನು ಕೂಡಿಸುತ್ತಾನೆ. ವಾಗ್ದಾನ ತಂದ ಅದೇ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿರಿ ಎನ್ನುತ್ತಾನೆ. ಪ್ರಾರ್ಥನೆ, ವಾಗ್ದಾನ, ಮದ್ದು ಮೂರೂ ಒಂದೇ ಮನೆಯಲ್ಲಿ, ಒಬ್ಬನೇ ಪ್ರವಾದಿಯ ಬಾಯಲ್ಲಿ. ಸುವಾರ್ತೆ ಸಾರಿದ ಅಪೊಸ್ತಲ ಪೌಲನ ಜೊತೆಗಾರ ಲೂಕನನ್ನು ಸತ್ಯವೇದ ‘ಪ್ರಿಯ ವೈದ್ಯ’ ಎಂದು ಕರೆಯುತ್ತದೆ. ಆದ್ದರಿಂದ ಮಾತ್ರೆ ನುಂಗುವಾಗ ನಿಮ್ಮ ವಿಶ್ವಾಸ ಕುಂದುವುದಿಲ್ಲ. ವ್ಯಾಯಾಮ ಚಿಕಿತ್ಸೆ, ಮಾತಿನ ಚಿಕಿತ್ಸೆ ಎರಡನ್ನೂ ಬಿಡಬೇಡಿ. ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಯೇ ನಮ್ಮ ರಾಜ್ಯದಲ್ಲಿದೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ.

ಸಹೋದರಿ, ನಿಮ್ಮ ಬಾಯಿಂದ ಸ್ತೋತ್ರ ಹೊರಡದಿರುವುದು ಅವಿಶ್ವಾಸವಲ್ಲ. ಸುಳ್ಳಾಗುತ್ತದೆಂದು ನೀವು ಆ ಮಾತನ್ನು ತಡೆಹಿಡಿದಿರಿ. ಎದುರಿಗೆ ಕೇಳುವವನೊಬ್ಬ ಇದ್ದಾನೆ, ಅವನ ಮುಂದೆ ಸುಳ್ಳು ಆಡಬಾರದು ಎಂದು ಎಣಿಸುವವರು ಮಾತ್ರ ಹಾಗೆ ತಡೆಹಿಡಿಯುತ್ತಾರೆ. ಅಲ್ಲಿ ನಿಮ್ಮ ವಿಶ್ವಾಸ ನನಗೆ ಕಾಣುತ್ತದೆ. ಅದು ಬಳಲಿದೆ, ಸತ್ತಿಲ್ಲ.

ನಾನು ಹಳೆಯ ಒಡಂಬಡಿಕೆಯನ್ನು ಕಲಿಸುವವನು. ಹಾಗಾಗಿ ಕೀರ್ತನೆಗಳಿಂದಲೇ ಆರಂಭಿಸುತ್ತೇನೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪ್ರಲಾಪಗಳು, ಅಂದರೆ ದೇವರ ಮುಂದೆ ಗೋಳಾಡುವ ಪ್ರಾರ್ಥನೆಗಳು. ಇಸ್ರಾಯೇಲ್ಯರು ಅವುಗಳನ್ನು ಬಚ್ಚಿಡದೆ ಆರಾಧನೆಯಲ್ಲಿ ಹಾಡಿದರು. 13ನೆಯ ಕೀರ್ತನೆಯನ್ನು ಇಂದು ರಾತ್ರಿ ತೆಗೆಯಿರಿ. ಇರುವುದು ಆರೇ ವಚನ. ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಕೂಗು ನಾಲ್ಕು ಸಲ ಬರುತ್ತದೆ: ಎಷ್ಟರವರೆಗೆ ಮರೆತಿರುವೆ, ಎಷ್ಟರವರೆಗೆ ಮುಖ ಮರೆಮಾಡುವೆ? ನಡುವಿನ ಎರಡು ವಚನ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ಭರವಸೆ: ನಿನ್ನ ಪ್ರೀತಿಯನ್ನು ನಂಬಿದ್ದೇನೆ, ಯೆಹೋವನಿಗೆ ಹಾಡುವೆನು. ನಾಲ್ಕನೆಯ ವಚನಕ್ಕೂ ಐದನೆಯದಕ್ಕೂ ನಡುವೆ ಏನಾಯಿತೆಂದು ಕೀರ್ತನೆ ಹೇಳುವುದಿಲ್ಲ. ಶತ್ರು ಸೋತನೆಂದಾಗಲಿ, ರೋಗ ವಾಸಿಯಾಯಿತೆಂದಾಗಲಿ ಅಲ್ಲಿ ಬರೆದಿಲ್ಲ. ದುಃಖವನ್ನು ಹೊರಗೆ ಹಾಕಿದ ಮೇಲೆ, ಅದೇ ಉಸಿರಿನಲ್ಲಿ ಭರವಸೆಗೆ ಜಾಗ ಸಿಕ್ಕಿತು, ಅಷ್ಟೇ. ನಿಮ್ಮ ಕೂಟದವರು ನಿಮ್ಮನ್ನು ನೇರವಾಗಿ ಐದನೆಯ ವಚನದಿಂದ ಆರಂಭಿಸು ಎನ್ನುತ್ತಿದ್ದಾರೆ. ದಾವೀದನ ಹೆಸರಿನ ಕೀರ್ತನೆಯೇ ಒಂದನೆಯ ವಚನದಿಂದ ಹೊರಟಿರುವಾಗ ನೀವೇಕೆ ಅವಸರ ಮಾಡಬೇಕು?

ಎಲ್ಲ ಪ್ರಲಾಪಗಳೂ ಐದನೆಯ ವಚನವನ್ನು ಮುಟ್ಟುವುದಿಲ್ಲ ಎಂಬುದನ್ನೂ ಹೇಳಬೇಕು. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಯಲ್ಲಿ ಸ್ತೋತ್ರವಿಲ್ಲ, ಸಮಾಧಾನವಿಲ್ಲ. ಆದರೂ ಅದು ಶುರುವಾಗುವುದು ‘ನನ್ನನ್ನು ರಕ್ಷಿಸುವ ದೇವರೇ’ ಎಂಬ ಕರೆಯಿಂದ. ಅಂಥ ಒಂದು ಪ್ರಾರ್ಥನೆಯನ್ನು ಸತ್ಯವೇದ ಕಿತ್ತುಹಾಕದೆ, ತಿದ್ದದೆ, ಕೊನೆಗೊಂದು ಸಂತೋಷದ ಸಾಲನ್ನು ಅಂಟಿಸದೆ ಉಳಿಸಿಕೊಂಡಿದೆ. ಕೆಲವು ರಾತ್ರಿಗಳಲ್ಲಿ ನಿಮ್ಮ ಪ್ರಾರ್ಥನೆ ಅಷ್ಟಕ್ಕೇ ನಿಂತರೆ ಅದೂ ಪ್ರಾರ್ಥನೆಯೇ.

‘ಗುಣುಗುಟ್ಟಬೇಡ’ ಎಂಬ ಎಚ್ಚರಿಕೆಯೂ ಸತ್ಯವೇದದಲ್ಲಿದೆ, ನಿಜ. ಅರಣ್ಯದಲ್ಲಿ ಇಸ್ರಾಯೇಲ್ಯರು ಗುಣುಗುಟ್ಟಿದ್ದಕ್ಕೆ ದೇವರು ಸಿಟ್ಟಾದನು. ಆದರೆ ಅವರು ಎಲ್ಲಿ ಗುಣುಗುಟ್ಟಿದರು ನೋಡಿ: ತಮ್ಮ ಡೇರೆಗಳಲ್ಲಿ, ಒಬ್ಬರಿಗೊಬ್ಬರು, ದೇವರಿಗೆ ಬೆನ್ನು ಮಾಡಿ. ಆತನು ನಮ್ಮನ್ನು ದ್ವೇಷಿಸಿ ಇಲ್ಲಿಗೆ ತಂದ, ಐಗುಪ್ತಕ್ಕೇ (ಈಜಿಪ್ಟಿಗೇ) ಹಿಂತಿರುಗೋಣ ಎಂದರು. ಕೀರ್ತನೆಗಾರನ ಮಾತು ಕೆಲವೊಮ್ಮೆ ಅದಕ್ಕಿಂತಲೂ ಕಟುವಾಗಿದೆ, ಆದರೆ ಅದು ದೇವರ ಮುಖ ನೋಡಿ ಆಡಿದ ಮಾತು. ನೀವು ಮೊಣಕಾಲೂರಿ ಅತ್ತರೆ ನೀವು ಕೀರ್ತನೆಗಾರನ ಸಾಲಿನಲ್ಲಿ ನಿಲ್ಲುತ್ತೀರಿ.

ಹಾಗಾದರೆ ಪೌಲನ ಮಾತು? ಯಾವ ಸಂಬಂಧವಾಗಿಯೂ ಚಿಂತೆ ಮಾಡದೆ, ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿಯೊಂದಿಗೆ ನಿಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಸಿರಿ ಎಂದು ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಅವನು ಹೇಳುತ್ತಾನೆ. ಬಹುಶಃ ಇದೇ ವಚನವನ್ನು ನಿಮಗೆ ಓದಿ ಹೇಳಿರುತ್ತಾರೆ. ಈ ವಚನ ನನಗೆ ಬಹಳ ಪ್ರಿಯ, ಅದಕ್ಕಾಗಿಯೇ ಇದನ್ನು ಯಾರಾದರೂ ದೊಣ್ಣೆಯ ಹಾಗೆ ಬೀಸಿದರೆ ಸಹಿಸಲಾರೆ. ಇದನ್ನು ಒಂಟಿಯಾಗಿ ಓದಬಾರದು. ಇಡೀ ಪತ್ರದೊಂದಿಗೆ ಓದಬೇಕು.

ಪೌಲ ಇದನ್ನು ಬರೆದದ್ದು ಸೆರೆಯಲ್ಲಿ, ಮರಣದಂಡನೆಯೋ ಬಿಡುಗಡೆಯೋ ಗೊತ್ತಿಲ್ಲದ ಹೊತ್ತಿನಲ್ಲಿ. ಫಿಲಿಪ್ಪಿಯ ಸಭೆ ಅವನಿಗೆ ಸಹಾಯದ ಕಾಣಿಕೆಯನ್ನು ಎಪಫ್ರೊದೀತನೆಂಬ ಸಹೋದರನ ಕೈಯಲ್ಲಿ ಕಳುಹಿಸಿತ್ತು. ಬಂದವನು ಕಾಯಿಲೆ ಬಿದ್ದು ಸಾಯುವಂತಾದ. ಎರಡನೆಯ ಅಧ್ಯಾಯದಲ್ಲಿ ಪೌಲ ಅದನ್ನು ಹೇಳುವ ರೀತಿ ಗಮನಿಸಿ: ದೇವರು ಅವನನ್ನು ಕರುಣಿಸಿದನು, ನನ್ನನ್ನೂ ಕರುಣಿಸಿದನು, ಇಲ್ಲವಾದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು. ಅವನನ್ನು ನಿಮ್ಮ ಬಳಿಗೆ ಕಳುಹಿಸಿದರೆ ನನ್ನ ದುಃಖವೂ ಕಡಿಮೆಯಾಗುತ್ತದೆ ಎಂದೂ ಬರೆಯುತ್ತಾನೆ. ಚಿಂತೆ ಮಾಡಬೇಡಿ ಎಂದು ಬರೆದ ಕೈಯೇ ಎರಡು ಅಧ್ಯಾಯಗಳ ಹಿಂದೆ ‘ದುಃಖದ ಮೇಲೆ ದುಃಖ’ ಎಂದು ಬರೆದಿದೆ. ಗೆಳೆಯನ ಕಾಯಿಲೆಗಾಗಿ ಸ್ತೋತ್ರ ಎಂದು ಪೌಲ ಎಲ್ಲಿಯೂ ಹೇಳುವುದಿಲ್ಲ. ಅವನು ಉಳಿದದ್ದನ್ನು ಕರುಣೆ ಎನ್ನುತ್ತಾನೆ. ಪತ್ರದ ಕೊನೆಯಲ್ಲಿ ಆ ಕಾಣಿಕೆಗಾಗಿ ಸಂತೋಷಪಡುತ್ತಾನೆ. ಅವನ ಕೃತಜ್ಞತೆಗೆ ಹೆಸರಿದೆ, ಮುಖವಿದೆ: ಕಾಣಿಕೆ ತಂದವನು, ಕೊಟ್ಟವರು, ಉಳಿದ ಜೀವ.

ಈ ಪತ್ರ ಯಾವ ಊರಿನವರ ಕೈಗೆ ಹೋಯಿತು ಎಂಬುದೂ ಮುಖ್ಯ. ಕೆಲವು ವರ್ಷಗಳ ಹಿಂದೆ ಅದೇ ಫಿಲಿಪ್ಪಿಯಲ್ಲಿ ಪೌಲನನ್ನೂ ಸೀಲನನ್ನೂ ಬಟ್ಟೆ ಹರಿದು, ಬೆತ್ತದಿಂದ ಹೊಡೆದು, ಕಾಲಿಗೆ ಕೊಳ ಹಾಕಿ ಸೆರೆಮನೆಯ ಒಳಕೋಣೆಗೆ ತಳ್ಳಿದ್ದರು. ಮಧ್ಯರಾತ್ರಿ ಅವರು ಪ್ರಾರ್ಥಿಸುತ್ತ ದೇವರಿಗೆ ಹಾಡುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ಹೇಳುತ್ತದೆ. ಈ ಭಾಗವನ್ನು ನಾವು ಪ್ರಸಂಗಗಳಲ್ಲಿ ಬಹಳ ಕೇಳಿದ್ದೇವೆ. ಮರುದಿನ ಬೆಳಿಗ್ಗೆ ನಡೆದದ್ದನ್ನು ಅಷ್ಟಾಗಿ ಕೇಳುವುದಿಲ್ಲ. ಅಧಿಕಾರಿಗಳು, ಸುಮ್ಮನೆ ಹೊರಟುಹೋಗಿ ಎಂದು ಹೇಳಿಕಳುಹಿಸಿದಾಗ ಪೌಲ ಒಪ್ಪಲಿಲ್ಲ. ರೋಮಿನ ಪೌರರಾದ ನಮ್ಮನ್ನು ವಿಚಾರಣೆಯಿಲ್ಲದೆ ಎಲ್ಲರ ಮುಂದೆ ಹೊಡೆಸಿ ಈಗ ಗುಟ್ಟಾಗಿ ಕಳುಹಿಸುತ್ತೀರಾ, ನೀವೇ ಬಂದು ಕರೆದುಕೊಂಡು ಹೋಗಿ ಎಂದ. ಅವರು ಬಂದು ಕ್ಷಮೆ ಬೇಡಿಕೊಳ್ಳಬೇಕಾಯಿತು. ರಾತ್ರಿ ಹಾಡಿದವನು ಹಗಲು ನ್ಯಾಯ ಕೇಳಿದ. ಸ್ತುತಿಸುವವರು ಅನ್ಯಾಯವನ್ನು ನುಂಗಿಕೊಂಡಿರಬೇಕು ಎಂಬ ಕಲ್ಪನೆ ಫಿಲಿಪ್ಪಿಯ ಸೆರೆಮನೆಯಿಂದ ಬಂದದ್ದಲ್ಲ. ನಿಮ್ಮ ಸಾಲದ ಬಡ್ಡಿ ಅನ್ಯಾಯವಾಗಿದ್ದರೆ ಅದನ್ನು ಪ್ರಶ್ನಿಸಿ. ವಿಮೆಯ ಹಣ ಬರಬೇಕಿದ್ದರೆ ಬಿಡದೆ ಕೇಳಿ.

‘ಸ್ತೋತ್ರ ಹೇಳಿದರೆ ಬಿಡುಗಡೆ ತಾನಾಗಿ ಬರುತ್ತದೆ’ ಎನ್ನುವವರು ಆ ರಾತ್ರಿಯ ಭೂಕಂಪವನ್ನೇ ತೋರಿಸುತ್ತಾರೆ. ಬಾಗಿಲು ತೆರೆದದ್ದು ನಿಜ. ಆದರೆ ಅದೇ ಗ್ರಂಥದ 12ನೆಯ ಅಧ್ಯಾಯದಲ್ಲಿ ಪೇತ್ರ ಸೆರೆಯಿಂದ ಬಿಡುಗಡೆಯಾಗುತ್ತಾನೆ, ಅದಕ್ಕೆ ಮುಂಚೆ ಎರಡನೆಯ ವಚನದಲ್ಲಿ ಯೋಹಾನನ ಅಣ್ಣ ಯಾಕೋಬ ಹೆರೋದನ ಕತ್ತಿಗೆ ಬಲಿಯಾಗಿರುತ್ತಾನೆ. ಒಂದೇ ಸಭೆ, ಒಂದೇ ಊರು. ಯಾಕೋಬನಿಗೆ ವಿಶ್ವಾಸ ಸಾಲಲಿಲ್ಲ ಎಂದು ಲೂಕ ಬರೆಯುವುದಿಲ್ಲ. ಪೌಲನೇ ತನ್ನ ದೇಹದಲ್ಲಿದ್ದ ಮುಳ್ಳು ತೊಲಗಲಿ ಎಂದು ಮೂರು ಸಲ ಬೇಡಿದ. ಅದು ತೊಲಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಸ್ತೋತ್ರವನ್ನು ದೇವರಿಂದ ಕೆಲಸ ಮಾಡಿಸುವ ಉಪಾಯ ಮಾಡಿಕೊಂಡರೆ ಅದು ಸ್ತೋತ್ರವಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ. ಗುಣವಾಗದಿದ್ದಾಗ ಅದರ ತಪ್ಪನ್ನೂ ರೋಗಿಯ ತಲೆಗೇ ಕಟ್ಟುತ್ತದೆ. ಬಾಬೆಲಿನ ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ಯುವಕರು ಅರಸನಿಗೆ, ನಮ್ಮ ದೇವರು ಬಿಡಿಸಬಲ್ಲನು, ‘ಬಿಡಿಸದಿದ್ದರೂ’ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ ಎಂದರಲ್ಲ, ನಾನು ಭರವಸೆ ಎಂದು ಕರೆಯುವುದು ಅದನ್ನು.

ಒಂದು ಆಕ್ಷೇಪ ಬರಬಹುದು. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲ ಕಾರ್ಯಗಳಿಗಾಗಿಯೂ ಸ್ತೋತ್ರ ಮಾಡಿರಿ ಎಂದಿದೆಯಲ್ಲ? ಇದೆ. ಆದರೆ ಸತ್ಯವೇದ ಸಾವನ್ನು ‘ಕಡೆಯ ಶತ್ರು’ ಎನ್ನುತ್ತದೆ. ಶತ್ರುವನ್ನು ಉಡುಗೊರೆ ಎಂದು ಕರೆಯಲು ಅದು ನಮ್ಮನ್ನು ಒತ್ತಾಯಿಸುವುದಿಲ್ಲ. ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರು ಬಿಟ್ಟನು, ಆಮೇಲೆ ‘ತಂದೆಯೇ, ನೀನು ನನಗೆ ಕಿವಿಗೊಟ್ಟದ್ದಕ್ಕೆ ಸ್ತೋತ್ರ’ ಎಂದನು. ಗೆಳೆಯ ಸತ್ತದ್ದಕ್ಕೆ ಸ್ತೋತ್ರ ಎನ್ನಲಿಲ್ಲ. ಹೌದು, 119ನೆಯ ಕೀರ್ತನೆಯಲ್ಲಿ ಒಬ್ಬನು ‘ಕಷ್ಟಾನುಭವವು ಹಿತಕರವಾಯಿತು’ ಎನ್ನುತ್ತಾನೆ. ಅದು ಅವನು ತನ್ನ ಬಗ್ಗೆ, ಕಷ್ಟ ದಾಟಿದ ಮೇಲೆ, ತಾನೇ ಹೇಳಿದ ಸಾಕ್ಷಿ. ಮುಂದೊಂದು ದಿನ ನೀವೂ ಹಾಗೆ ಹೇಳಬಹುದು, ಹೇಳದೆಯೂ ಇರಬಹುದು. ನಿಮ್ಮ ಪರವಾಗಿ ಅದನ್ನು ಇವತ್ತೇ ಹೇಳಿಬಿಡುವ ಹಕ್ಕು ಕೂಟದಲ್ಲಿ ಯಾರಿಗೂ ಇಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಮೌನವಾಗಿ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಕೊಡತೊಡಗಿದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರು ಹೇಳಿದ್ದೇನು? ನನ್ನ ಸೇವಕನಾದ ಯೋಬನು ಆಡಿದಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ. ‘ಯೆಹೋವನ ನಾಮಕ್ಕೆ ಸ್ತೋತ್ರವಾಗಲಿ’ ಎಂದ ಯೋಬನೇ ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನು ಶಪಿಸಿದವನು. ದೇವರ ಮೆಚ್ಚುಗೆ ಆ ಇಡೀ ಮನುಷ್ಯನಿಗೆ ಸಂದಿತು.

ನಮ್ಮ ಕರ್ತನ ಕಡೆಯ ರಾತ್ರಿಯನ್ನು ನೋಡದೆ ಈ ವಿಷಯ ಪೂರ್ತಿಯಾಗದು. ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ಆತನು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದನು. ಊಟವಾದ ಮೇಲೆ ಎಲ್ಲರೂ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರು. ಪಸ್ಕಹಬ್ಬದ ಊಟದಲ್ಲಿ ಯೆಹೂದ್ಯರು ಹಾಡುವುದು 113ರಿಂದ 118ರವರೆಗಿನ ಕೀರ್ತನೆಗಳನ್ನು, ಅವು ಕೃತಜ್ಞತೆಯ ಹಾಡುಗಳು. ಗುಡ್ಡ ತಲುಪಿದ ಮೇಲೆ ಅದೇ ಬಾಯಿ ‘ಅಪ್ಪಾ, ತಂದೆಯೇ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು’ ಎಂದು ಬೇಡಿತು. ಒಂದು ಸಲ ಬೇಡಿ ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ಹೋಗಿ ಅದೇ ಮಾತನ್ನು ಹೇಳಿತು. ಬಲವಾಗಿ ಕೂಗುತ್ತ ಕಣ್ಣೀರು ಸುರಿಸುತ್ತ ಪ್ರಾರ್ಥಿಸಿದನು ಎಂದು ಇಬ್ರಿಯರಿಗೆ ಬರೆದ ಪತ್ರ ನೆನಪಿಸುತ್ತದೆ. ಮರುದಿನ ಶಿಲುಬೆಯ ಮೇಲೆ ಒಂದು ಕೀರ್ತನೆಯಿಂದ ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಎಂಬ ಕೂಗು, ಇನ್ನೊಂದು ಕೀರ್ತನೆಯಿಂದ ‘ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ ಎಂಬ ಮಾತು. ಸ್ತೋತ್ರ, ಬೇಡಿಕೆ, ಯಾಕೆ ಎಂಬ ಪ್ರಶ್ನೆ, ಒಪ್ಪಿಸಿಕೊಡುವಿಕೆ ನಾಲ್ಕೂ ಒಂದು ದಿನದೊಳಗೆ ಬಂದವು. ಒಂದು ಬಂದದ್ದಕ್ಕೆ ಇನ್ನೊಂದು ಸುಳ್ಳಾಗಲಿಲ್ಲ. ಆತನು ಕಲಿಸಿದ ಕರ್ತನ ಪ್ರಾರ್ಥನೆಯನ್ನೇ ಗಮನಿಸಿ: ಅದರಲ್ಲಿ ಸ್ತೋತ್ರ ಎಂಬ ಮಾತು ಎಲ್ಲಿಯೂ ಇಲ್ಲ. ‘ನಮ್ಮ ತಂದೆಯೇ’ ಎಂಬ ಕರೆಯಿದೆ, ಅನುದಿನದ ಆಹಾರದ ಬೇಡಿಕೆಯಿದೆ. ಬೇರೆ ಏನೂ ಹೇಳಲಾಗದ ದಿನ ಅದೊಂದನ್ನು ಹೇಳಿದರೂ ನೀವು ಯೇಸು ಕಲಿಸಿದಂತೆಯೇ ಪ್ರಾರ್ಥಿಸಿದ್ದೀರಿ.

ನಿಮ್ಮಂತೆಯೇ ಪ್ರಾರ್ಥನೆಯ ಬಗ್ಗೆ ಪತ್ರ ಬರೆದು ಕೇಳಿದ ಒಬ್ಬ ಹೆಂಗಸು ಸಭೆಯ ಚರಿತ್ರೆಯಲ್ಲಿದ್ದಾಳೆ. ಹೆಸರು ಪ್ರೋಬಾ, ರೋಮಿನ ದೊಡ್ಡ ಮನೆತನದ ವಿಧವೆ. 410ರಲ್ಲಿ ಗಾಥರು ರೋಮನ್ನು ಲೂಟಿ ಮಾಡಿದಾಗ ಎಲ್ಲ ಬಿಟ್ಟು ಆಫ್ರಿಕಾಕ್ಕೆ ಓಡಿಬಂದವಳು. ಹಿಪ್ಪೋದ ಬಿಷಪ್ ಅಗಸ್ಟೀನ ಸುಮಾರು 412ರಲ್ಲಿ ಆಕೆಗೆ ಬರೆದ ಉತ್ತರ ಇಂದಿಗೂ ಉಳಿದಿದೆ. ಅದರಲ್ಲಿ ಎರಡು ಮಾತು ನಿಮಗೆ ಬೇಕಾದವು. ಮೊದಲನೆಯದು: ಕಷ್ಟ ಎಂಬುದು ಕಷ್ಟವೇ ಆದ್ದರಿಂದ, ನಮ್ಮ ಸ್ವಭಾವಕ್ಕೆ ಅದು ನೋವಾದ್ದರಿಂದ, ಅದು ತೊಲಗಲಿ ಎಂದು ಬೇಡುವುದು ಎಲ್ಲ ಮನುಷ್ಯರಿಗೂ ಸಹಜ. ತೊಲಗದಿದ್ದರೆ ದೇವರು ನಮ್ಮನ್ನು ಅಲಕ್ಷಿಸಿದ ಎಂದು ಎಣಿಸಬಾರದು. ಎರಡನೆಯದು: ಐಗುಪ್ತದ ಸಹೋದರರು, ಅಂದರೆ ಅಲ್ಲಿಯ ಸನ್ಯಾಸಿಗಳು, ಬಹಳ ಸಲ ಪ್ರಾರ್ಥಿಸುತ್ತಾರೆ, ಆದರೆ ಬಹಳ ಚಿಕ್ಕದಾಗಿ, ಬಾಣ ಬಿಟ್ಟಂತೆ ಎಂದು ಅವನು ಕೇಳಿದ್ದ. ಮಾತು ಉದ್ದವಾದಷ್ಟೂ ಮನಸ್ಸು ಮಂಕಾಗುತ್ತದೆಂಬ ಭಯ ಅವರಿಗಿತ್ತು. ರೋಗಿಯನ್ನು ನೋಡಿಕೊಳ್ಳುವ ಮನೆಯಲ್ಲಿ ಒಂದು ತಾಸು ಮೊಣಕಾಲೂರುವುದು ಆಗದ ಮಾತು. ಅವರನ್ನು ಮಗ್ಗುಲು ಹೊರಳಿಸುವಾಗ ‘ಕರ್ತನೇ, ಕರುಣಿಸು’, ಗಂಜಿ ಕುಡಿಸುವಾಗ ‘ತಂದೆಯೇ, ಇದಕ್ಕೆ ಸ್ತೋತ್ರ’, ಸಾಲ ಕೊಟ್ಟವರ ಫೋನ್ ಬಂದಾಗ ‘ಯೇಸುವೇ, ಜೊತೆಗಿರು’. ಇವು ಅರೆಬರೆ ಪ್ರಾರ್ಥನೆಗಳಲ್ಲ. ಮಾತೇ ಬಾರದ ಹೊತ್ತಿಗೆ ಪವಿತ್ರಾತ್ಮನು ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಹೇಳುತ್ತದೆ.

ಈಗ ಕೃತಜ್ಞತೆಯ ಅಭ್ಯಾಸದ ಬಗ್ಗೆ, ಏಕೆಂದರೆ ಪ್ರಲಾಪಕ್ಕೆ ಅನುಮತಿ ಸಿಕ್ಕಿತೆಂದು ಸ್ತೋತ್ರವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ನಿಮಗೆ ಅದು ಬೇಕು. ದುಃಖ ಕಣ್ಣಿನ ತುಂಬ ಹರಡಿಕೊಂಡು ಉಳಿದದ್ದನ್ನು ಕಾಣಿಸದಂತೆ ಮಾಡುತ್ತದೆ. ಉಳಿದದ್ದೂ ಇದೆ ಎಂದು ನೋಡಲು ಸ್ತೋತ್ರ ಒಂದು ದಾರಿ. ಆದರೆ ದೊಡ್ಡ ಸ್ತೋತ್ರದಿಂದ ಆರಂಭಿಸಬೇಡಿ. ‘ಎಲ್ಲದಕ್ಕೂ ಸ್ತೋತ್ರ’ ಎಂಬ ಮಾತು ನಿಮ್ಮ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅದು ಅಷ್ಟು ದೊಡ್ಡದಾಗಿರುವುದರಿಂದಲೇ. ದಿನಕ್ಕೆ ಒಂದು ಸಾಕು, ನಿಜವಾದದ್ದು, ನಿರ್ದಿಷ್ಟವಾದದ್ದು. ಅವರು ಎಡಗೈಯಿಂದ ತಾವೇ ಲೋಟ ಎತ್ತಿದರು. ಪಕ್ಕದ ಮನೆಯವರು ಸಾರು ಕೊಟ್ಟರು. ನಿನ್ನೆ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತು. ಇವು ಕಾಯಿಲೆಯನ್ನು ಒಳ್ಳೆಯದೆನ್ನುವುದಿಲ್ಲ, ಸಾಲವನ್ನು ಅಲ್ಲಗಳೆಯುವುದಿಲ್ಲ.

ಜರ್ಮನಿಯ ಸ್ಯಾಕ್ಸನಿಯಲ್ಲಿ ಐಲೆನ್‌ಬುರ್ಗ್ ಎಂಬ ಪಟ್ಟಣವಿದೆ. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಮಾರ್ಟಿನ್ ರಿಂಕಾರ್ಟ್ ಅಲ್ಲಿಯ ಸಭಾಪಾಲಕ. 1637ರಲ್ಲಿ ಪ್ಲೇಗು ಹೊಕ್ಕಿತು. ಅವನು ಸಮಾಧಿ ಮಾಡಿದವರ ಸಂಖ್ಯೆ 4,000 ದಾಟಿತು, ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಅವನು ಬರೆದ ಕೃತಜ್ಞತಾ ಗೀತೆಯನ್ನು ಜಗತ್ತಿನ ಸಭೆಗಳು ಇಂದಿಗೂ ಹಾಡುತ್ತವೆ. ಆ ಪ್ಲೇಗಿನ ನಡುವೆಯೇ ಅವನು ಅದನ್ನು ಬರೆದ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ಆದರೆ ಗೀತೆ ಸಾಮಾನ್ಯವಾಗಿ 1636ರ ಹೊತ್ತಿಗೆ, ಪ್ಲೇಗಿಗೆ ಮುಂಚೆ, ಮಕ್ಕಳು ಊಟಕ್ಕೆ ಕೂತಾಗ ಹೇಳುವ ಪ್ರಾರ್ಥನೆಯಾಗಿ ಹುಟ್ಟಿತೆಂದು ಎಣಿಸುತ್ತಾರೆ. ನನಗೆ ಈ ಕಥೆಯೇ ಹೆಚ್ಚು ಹಿಡಿಸುತ್ತದೆ. ಊಟದ ತಟ್ಟೆಯ ಮುಂದೆ ಕಲಿತ ಮಾತು ಕೆಟ್ಟ ವರ್ಷದಲ್ಲಿ ನಾಲಿಗೆಯ ಮೇಲೆ ಇತ್ತು. ನೀವೂ ಊಟದ ಮುಂಚಿನ ಪ್ರಾರ್ಥನೆಯನ್ನು ಬಿಡಬೇಡಿ. ಭಾವನೆ ಇಲ್ಲದಿದ್ದರೂ ಪರವಾಗಿಲ್ಲ, ತಟ್ಟೆಯಲ್ಲಿ ಅನ್ನವಿರುವುದು ಸುಳ್ಳಲ್ಲ.

ತಟ್ಟೆಯೂ ಖಾಲಿಯಾದವರು ಏನು ಮಾಡಬೇಕು? ಪ್ರವಾದಿ ಹಬಕ್ಕೂಕ ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ. ಕಸ್ದೀಯರ, ಅಂದರೆ ಬಾಬೆಲಿನವರ, ಸೈನ್ಯ ಬರುವುದು ಖಚಿತವಾಗಿದ್ದ ಕಾಲ ಅದು. ಒಬ್ಬ ರೈತನಿಗೆ ಇರುವ ಆಸ್ತಿಯೆಲ್ಲ ಆ ಪಟ್ಟಿಯಲ್ಲಿ ಒಂದೊಂದಾಗಿ ಹೋಗುತ್ತದೆ. ಬೆಳೆಹಬ್ಬದ ಆರಾಧನೆಗೆ ಕುಂಬಳಕಾಯಿ, ತೆಂಗಿನಕಾಯಿ ಹೊತ್ತು ಬರುವ ನಮ್ಮ ಹಳ್ಳಿಯ ಸಭೆಗಳಲ್ಲಿ ಆ ವರ್ಷ ಬೆಳೆ ಕಳೆದುಕೊಂಡವರೂ ಬಂದು ನಿಲ್ಲುತ್ತಾರೆ; ಅವರಿಗೆ ಈ ವಚನ ಅಲಂಕಾರವಲ್ಲ. ಆದರೆ ಹಬಕ್ಕೂಕ ಮೂರನೆಯ ಅಧ್ಯಾಯದಲ್ಲಿ ಹೇಳಿದ್ದನ್ನು ನೀವು ಮೊದಲನೆಯ ಅಧ್ಯಾಯದಲ್ಲೇ ಹೇಳಬೇಕಿಲ್ಲ. ಅವನ ಗ್ರಂಥ ತೆರೆದುಕೊಳ್ಳುವುದೂ ‘ಎಷ್ಟರವರೆಗೆ’ ಎಂದೇ.

ಒಂದು ಮಾದರಿ ಬರೆದುಕೊಡುತ್ತೇನೆ, ಇದನ್ನು ನಿಮ್ಮ ಮಾತಿಗೆ ತಿದ್ದಿಕೊಳ್ಳಿ: ‘ತಂದೆಯೇ, ಇವತ್ತು ನನಗೆ ಸಾಕಾಗಿದೆ. ಇನ್ನೆಷ್ಟು ದಿನ ಹೀಗೆ? ಅವರ ಕೈಗೆ ಬಲ ಕೊಡು, ನಾಲಿಗೆಗೆ ಮಾತು ಕೊಡು. ಈ ತಿಂಗಳ ಬಡ್ಡಿಗೆ ದಾರಿ ತೋರಿಸು. ಬೆಳಿಗ್ಗೆ ಅವರು ನನ್ನ ಹೆಸರನ್ನು ಸ್ಪಷ್ಟವಾಗಿ ಕರೆದರು, ಅದಕ್ಕೆ ನಿನಗೆ ಸ್ತೋತ್ರ. ನಾಳೆ ಏನಾಗುತ್ತದೋ ನನಗೆ ತಿಳಿಯದು. ನಿನ್ನನ್ನು ನಂಬಿ ಮಲಗುತ್ತೇನೆ. ಯೇಸುವಿನ ಹೆಸರಿನಲ್ಲಿ, ಆಮೆನ್.’

ನಿಮ್ಮ ದೇಹವನ್ನೂ ಸ್ವಲ್ಪ ನೋಡಿಕೊಳ್ಳಿ. ಪ್ರವಾದಿ ಎಲೀಯನು ಅರಣ್ಯದಲ್ಲಿ ಗಿಡದ ಕೆಳಗೆ ಕೂತು ನನಗೆ ಸಾಕು, ಪ್ರಾಣ ತೆಗೆ ಎಂದಾಗ ದೇವರು ಉಪದೇಶ ಮಾಡಲಿಲ್ಲ. ನಿದ್ದೆ ಕೊಟ್ಟನು, ದೂತನನ್ನು ಕಳುಹಿಸಿ ಬಿಸಿ ರೊಟ್ಟಿ, ನೀರು ಕೊಡಿಸಿದನು. ಮತ್ತೆ ಮಲಗಲು ಬಿಟ್ಟು ಮತ್ತೆ ತಿನ್ನಿಸಿದನು. ಮಾತುಕತೆ ಆಮೇಲೆ. ವಾರದಲ್ಲಿ ಒಂದೆರಡು ರಾತ್ರಿಯಾದರೂ ಬೇರೆ ಯಾರಾದರೂ ನಿಮ್ಮವರ ಪಕ್ಕದಲ್ಲಿ ಮಲಗಿ ನಿಮಗೆ ನಿದ್ದೆ ಸಿಗುವಂತೆ ಸಭೆಯವರನ್ನು ಕೇಳಿ. ನಿದ್ದೆ ಪೂರ್ತಿ ಹೋಗಿದ್ದರೆ, ಬದುಕುವುದು ಬೇಡ ಎಂಬ ಯೋಚನೆ ಬರುತ್ತಿದ್ದರೆ ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು.

ಸಾಲದ ವಿಷಯವನ್ನು ಸಭಾಪಾಲಕರಿಂದ ಮುಚ್ಚಿಡಬೇಡಿ. ಮೊದಲ ಸಭೆ ವಿಧವೆಯರಿಗೆ ದಿನದಿನದ ಊಟ ಹಂಚಲು ಏಳು ಮಂದಿಯನ್ನು ನೇಮಿಸಿತು; ಬರ ಬಂದಾಗ ಅಂತಿಯೋಕ್ಯದವರು ಯೂದಾಯಕ್ಕೆ ಹಣ ಕಳುಹಿಸಿದರು. ಇಂಥ ಸಹಾಯ ಕೊರತೆಯನ್ನು ನೀಗಿಸುವುದಲ್ಲದೆ ದೇವರಿಗೆ ಅನೇಕ ಸ್ತೋತ್ರಗಳನ್ನು ಹುಟ್ಟಿಸುತ್ತದೆ ಎಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ನಿಮ್ಮ ಕೂಟದವರಿಗೆ ನಾನು ಹೇಳಬಯಸುವುದೂ ಅದನ್ನೇ: ಈ ಮನೆಯಲ್ಲಿ ಸ್ತೋತ್ರ ಕೇಳಬೇಕೆಂದಿದ್ದರೆ ಅಕ್ಕಿ ತನ್ನಿ, ಒಂದು ರಾತ್ರಿ ರೋಗಿಯ ಪಕ್ಕ ಕೂರಿ, ಬಡ್ಡಿಯವರ ಬಳಿ ಜೊತೆಗೆ ಹೋಗಿ ಮಾತಾಡಿ. ಆರಾಧನೆಗೆ ಹೋಗುವುದನ್ನು ನೀವು ನಿಲ್ಲಿಸಬೇಡಿ. ಮನಸ್ಸು ಬರಡಾಗಿರುವ ಕಾಲದಲ್ಲಿ ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸಬೇಡಿ ಎಂದು ಜೆಸ್ವಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ತನ್ನ ಶಿಷ್ಯರಿಗೆ ಕಲಿಸಿದ, ಅದು ಅನುಭವಿಯ ಮಾತು. ಹಾಡಲಾಗದಿದ್ದರೆ ಹಿಂದಿನ ಬೆಂಚಿನಲ್ಲಿ ಕೂರಿ. ಉಳಿದವರು ಹಾಡುವ ಸ್ತೋತ್ರ ಆ ದಿನಕ್ಕೆ ನಿಮ್ಮದೂ ಹೌದು. ಆ ಕೂಟದಿಂದ ಮಾತ್ರ, ಮಾತ್ರೆ ನಿಲ್ಲಿಸೆನ್ನುವವರು ಬಾಯಿ ಮುಚ್ಚುವವರೆಗೆ, ಸ್ವಲ್ಪ ದೂರವಿರುವುದು ಒಳ್ಳೆಯದು.

ಕೊನೆಯದಾಗಿ ನಿಮ್ಮ ಮಗ. ಅವನನ್ನು ಬಲವಂತವಾಗಿ ಕುಟುಂಬ ಪ್ರಾರ್ಥನೆಗೆ ಕೂರಿಸಬೇಡಿ. ಅಪ್ಪನನ್ನು ಹಾಗೆ ನೋಡುತ್ತ, ಪರೀಕ್ಷೆಯ ಭಾರ ಹೊತ್ತು, ಕೂಟದವರು ‘ಬಂದದ್ದಕ್ಕೆಲ್ಲ ಸ್ತೋತ್ರ’ ಎನ್ನುವುದನ್ನು ಕೇಳಿದ ಹುಡುಗ ಎದ್ದುಹೋದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಪ್ರಾರ್ಥನೆಯನ್ನು ಐದು ನಿಮಿಷಕ್ಕೆ ಇಳಿಸಿ. ನೀವು ಅವನ ಮುಂದೆ ಅಳುತ್ತ ಪ್ರಾರ್ಥಿಸಿದರೂ ತಪ್ಪಿಲ್ಲ. ಅಮ್ಮ ದೇವರ ಮುಂದೆ ನಟಿಸುವುದಿಲ್ಲ ಎಂದು ಅವನಿಗೆ ತಿಳಿಯುವುದು ಒಳ್ಳೆಯದೇ. ಅವನು ಮಾತಿಗೆ ಸಿಕ್ಕ ದಿನ ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯವನ್ನು ಜೊತೆಯಲ್ಲಿ ಓದಿ. ಸ್ನಾನಿಕನಾದ ಯೋಹಾನ ಸೆರೆಮನೆಯಿಂದ ಯೇಸುವಿಗೆ ಹೇಳಿಕಳುಹಿಸುತ್ತಾನೆ: ಬರಬೇಕಾದವನು ನೀನೋ, ಅಥವಾ ನಾವು ಬೇರೊಬ್ಬನ ದಾರಿ ನೋಡಬೇಕೋ? ಯೇಸು ಗದರಲಿಲ್ಲ. ಉತ್ತರ ಕೊಟ್ಟನು, ಆಮೇಲೆ ಜನರ ಮುಂದೆ ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಯೋಹಾನನಿಗಿಂತ ದೊಡ್ಡವನು ಯಾರೂ ಇಲ್ಲ ಎಂದನು. ಇಂಥ ಪ್ರಶ್ನೆ ಕೇಳಿದವನ ಬಗ್ಗೆ, ಕೇಳಿದ ದಿನವೇ ಆಡಿದ ಮಾತು ಅದು. ಮತ್ತೆ ಯೋಹಾನ ಸೆರೆಯಿಂದ ಹೊರಬಂದನೇ ಎಂದು ಮಗ ಕೇಳಿದರೆ, ಇಲ್ಲ, ಹೆರೋದ ಅಲ್ಲಿಯೇ ಅವನ ತಲೆ ಕಡಿಸಿದ ಎಂದು ಹೇಳಿ. ದೇವರು ಅವನನ್ನು ಏಕೆ ಬಿಡಿಸಲಿಲ್ಲ ಎಂದು ಕೇಳಿದರೆ, ಸುವಾರ್ತೆ ಅದಕ್ಕೆ ಕಾರಣ ಕೊಟ್ಟಿಲ್ಲ ಎಂದೇ ಹೇಳಿ. 14ನೆಯ ಅಧ್ಯಾಯವನ್ನು ತೆರೆದು, ಆ ಸಾವಿನ ಸುದ್ದಿ ಕೇಳಿ ಯೇಸು ದೋಣಿ ಹತ್ತಿ ಒಬ್ಬನೇ ಏಕಾಂತ ಸ್ಥಳಕ್ಕೆ ಹೋದ ಭಾಗವನ್ನೂ ಅವನಿಗೆ ಓದಿಸಿ.